ಫಾದರ್ ಋಣ ತೀರಿಸುವುದು ಹೇಗೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ನಾನು ಸಣ್ಣವಳಿದ್ದಾಗ ಅಪ್ಪ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಏಳಲೇ ಇಲ್ಲ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ಆ ದುಡ್ಡು ಗಂಜಿಗೆ ಸಾಕಾಗುತ್ತಿತ್ತು, ಓದಿಗೆ ಸಾಲುತ್ತಿರಲಿಲ್ಲ. ನಾವು ಕ್ರೈಸ್ತರಲ್ಲ. ಆದರೂ ಹತ್ತಿರದ ಇಗರ್ಜಿಯ (ಚರ್ಚಿನ) ಫಾದರ್ ಮನೆಗೆ ಬರುತ್ತಿದ್ದರು. ಅಪ್ಪನ ಮಂಚದ ಪಕ್ಕ ಕೂತು ಅಡಿಕೆ ರೇಟು, ಮಳೆ, ಕೊಳೆರೋಗ ಅಂತ ಮಾತಾಡುತ್ತಿದ್ದರು. ಅಕ್ಕಿ ಕಳಿಸುತ್ತಿದ್ದರು. ನನ್ನನ್ನು ಮಂಗಳೂರಿನಲ್ಲಿ ನರ್ಸಿಂಗಿಗೆ ಸೇರಿಸಿದವರೂ ಅವರೇ. ಫೀಸು ಕಟ್ಟಿ, ರಶೀದಿ ತಂದು ಅಪ್ಪನ ಕೈಯಲ್ಲಿ ಕೊಡುತ್ತಿದ್ದರು. ರಶೀದಿಯಲ್ಲಿ ಕಟ್ಟಿದವರ ಹೆಸರು ಅಂತ ಇರುವಲ್ಲಿ ಅಪ್ಪನ ಹೆಸರು ಬರೆಸಿರುತ್ತಿದ್ದರು. ಬೇರೆ ಊರಿಗೆ ವರ್ಗವಾದ ಮೇಲೂ ಇದು ನಿಲ್ಲಲಿಲ್ಲ.

ಈಗ ಅಪ್ಪ ಇಲ್ಲ. ಮೊನ್ನೆ ಫಾದರ್ ಕೂಡ ತೀರಿಕೊಂಡರು. ಆ ಹಣವನ್ನು ಇಗರ್ಜಿಗೆ ವಾಪಸ್ ಕೊಡಬೇಕು ಅಂತ ನನಗೆ. ಪೇಪರಿನಲ್ಲಿ ದೊಡ್ಡ ಫೋಟೊ ಹಾಕಿಸೋಣ ಅಂತ ತಮ್ಮ. ಎಪ್ಪತ್ತು ದಾಟಿದ ಅಮ್ಮ ಸಮಾಧಿ ನೋಡಬೇಕು ಅನ್ನುತ್ತಾರೆ. ನಾವು ಹೋಗಬಹುದಾ? ಇಗರ್ಜಿಯಲ್ಲಿ ಫಾದರ್ ಹೆಸರಲ್ಲಿ ಪೂಜೆ ಹೇಳಿಸಲು ಬಿಡುತ್ತಾರಾ?
— ಒಬ್ಬ ಓದುಗಿ

ಉತ್ತರ: ತಂಗಿ, ನಿಮ್ಮ ಕಾಗದದಲ್ಲಿ ಆ ರಶೀದಿಯ ವಿಷಯ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮಂಚ ಬಿಟ್ಟು ಏಳಲಾಗದ ಮನುಷ್ಯನಿಗೆ, ಮಗಳನ್ನು ಓದಿಸುತ್ತಿರುವುದು ನಾನೇ ಅಂತ ಹೇಳಿಕೊಳ್ಳಲು ಒಂದು ಚೀಟಿ ಸಿಕ್ಕಿತು, ಅಲ್ವಾ? ಅಕ್ಕಿ ಕೊಡುವವರು ಇನ್ನೂ ಸಿಗುತ್ತಾರೆ. ಇಷ್ಟು ಯೋಚಿಸಿ ಕೊಡುವವರು ಅಪರೂಪ.

ಮೊದಲು ಅಮ್ಮನ ಆಸೆ. ಧಾರಾಳವಾಗಿ ಕರೆದುಕೊಂಡು ಹೋಗಿ. ತೀರಿಕೊಂಡ ಫಾದರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಅಂತ ನಿಮ್ಮ ಊರಿನ ಇಗರ್ಜಿಯ ಈಗಿನ ಫಾದರನ್ನು ಕೇಳಿದರೆ ಸಾಕು. ಹೂ ಇಡಬಹುದು, ಮೇಣದ ಬತ್ತಿ ಹಚ್ಚಬಹುದು. ನವೆಂಬರ್ 2, ನಮ್ಮ ಕಥೊಲಿಕರಲ್ಲಿ ಸತ್ತವರನ್ನೆಲ್ಲ ನೆನೆಯುವ ದಿನ. ಅವತ್ತು ಸಮಾಧಿಗಳಿಗೆ ಹೂ ಹಾಕಿ ಪ್ರಾರ್ಥನೆ ಮಾಡುತ್ತಾರೆ. ಆದರೆ ರಶ್ ಇರುತ್ತದೆ. ಅಮ್ಮನಿಗೆ ನಿಂತುಕೊಳ್ಳಲು ಕಷ್ಟವಾದರೆ ಬೇರೆ ದಿನ ಬೆಳಿಗ್ಗೆ ಹೋಗುವುದೇ ಒಳ್ಳೆಯದು.

ಪೂಜೆಯನ್ನೂ ಹೇಳಿಸಬಹುದು. ಕಥೊಲಿಕ ಧರ್ಮಸಭೆಯ 1983ರ ಕಾನೂನು ಪುಸ್ತಕದ ಪ್ರಕಾರ ಬದುಕಿರುವವರಿಗಾಗಲಿ ಸತ್ತವರಿಗಾಗಲಿ, ಯಾರಿಗಾಗಿಯೂ ಪಾದ್ರಿ ಪೂಜೆ ಅರ್ಪಿಸಬಹುದು. ಕಾಣಿಕೆ ಕೊಡಲು ಆಗದ ಬಡವರಿಗಾಗಿ ದುಡ್ಡಿಲ್ಲದೆಯೂ ಪೂಜೆ ಮಾಡಿ ಅಂತ ಅದೇ ಪುಸ್ತಕ ಪಾದ್ರಿಗಳಿಗೆ ಒತ್ತಿ ಹೇಳುತ್ತದೆ. ಇಗರ್ಜಿಯ ಆಫೀಸಿನಲ್ಲಿ ಹೆಸರು, ತಾರೀಕು ಬರೆಸಿ. ನಿಮ್ಮ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಆ ದಿನ ನೀವೂ ಹೋಗಿ ಕೂತುಕೊಳ್ಳಿ. ಪೂಜೆಯಲ್ಲಿ ಪಾದ್ರಿ ಕೊಡುವ ಪರಮಪ್ರಸಾದದ ರೊಟ್ಟಿಗೆ ಮಾತ್ರ ಸಾಲಿನಲ್ಲಿ ನಿಲ್ಲುವುದು ಬೇಡ, ಅದು ಕಥೊಲಿಕರಿಗೆ ಅಂತ ಇರುವುದು.

ಹಣದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದು ಇಗರ್ಜಿಯ ಹಣ ಅಂತ ನೀವು ಅಂದುಕೊಂಡಿದ್ದೀರಿ. ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪರ ಕೈಕೆಳಗಿನ ಪ್ರದೇಶದ, ಪಾದ್ರಿಗಳು ಮಠದ ಸನ್ಯಾಸಿಗಳ ಹಾಗೆ ಬಡತನದ ವ್ರತ ತೊಡುವುದಿಲ್ಲ. ಅವರಿಗೆ ಅಂತ ಒಂದಿಷ್ಟು ಸಂಬಳ, ಪೂಜೆಯ ಕಾಣಿಕೆ ಇರುತ್ತದೆ. ವರ್ಗವಾದ ಮೇಲೂ ಫೀಸು ಕಟ್ಟಿದ್ದಾರೆ ಅಂದರೆ ಅದು ಬಹುಶಃ ಅವರ ಸ್ವಂತ ಕಿಸೆಯದ್ದೇ. ಇಗರ್ಜಿಯ ಕಟ್ಟಡ ನಿಧಿಗೆ ಹಾಕಿದರೆ ಒಂದು ಟೈಲ್ಸಿನ ಮೇಲೆ ಹೆಸರು ಬರುತ್ತದೆ, ಅಷ್ಟೇ. ಅದರ ಬದಲು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನು ವಿಚಾರಿಸಿ. ಫ್ರೆಡರಿಕ್ ಓಝಾನಾಂ ಎಂಬ ಇಪ್ಪತ್ತು ವರ್ಷದ ಹುಡುಗ, ಕಾಲೇಜಿಗೆ ಹೋಗುತ್ತಿದ್ದಾಗ, ಗೆಳೆಯರ ಜೊತೆ 1833ರಲ್ಲಿ ಪ್ಯಾರಿಸಿನಲ್ಲಿ ಶುರು ಮಾಡಿದ ಸಭೆ ಅದು. ನಮ್ಮ ಕಡೆಯ ಇಗರ್ಜಿಗಳಲ್ಲೂ ಇದೆ. ಕಷ್ಟದಲ್ಲಿರುವವರ ಮನೆಗೇ ಹೋಗಿ ನೋಡುವುದು ಅವರ ಕೆಲಸ, ಧರ್ಮ ನೋಡಿ ಕೊಡುವವರಲ್ಲ. ಅಪ್ಪನೋ ಅಮ್ಮನೋ ಹಾಸಿಗೆ ಹಿಡಿದ, ಓದುವ ಮಗು ಇರುವ ಮನೆ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಫೀಸು ಕಟ್ಟಿ. ರಶೀದಿ ಯಾರ ಹೆಸರಿನಲ್ಲಿ ಬರೆಸಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಇದೆಲ್ಲಕ್ಕಿಂತ ಜಾಸ್ತಿ ಮುಖ್ಯವಾದದ್ದು ಇನ್ನೊಂದಿದೆ. ನಾನು ಕಾಸರಗೋಡು ಕಡೆಯ ಬೇಳದ ಇಗರ್ಜಿಯ ಗಂಟೆ ಕೇಳಿಕೊಂಡು ದೊಡ್ಡವಳಾದವಳು. ನನ್ನ ಸೋದರಮಾವ ಪಾದ್ರಿಯಾಗಿದ್ದರು. ಅವರು ತೀರಿಕೊಂಡಾಗ ಪೇಪರಿನಲ್ಲಿ ಬಂದದ್ದು ಹುಟ್ಟಿದ ಊರು, ಪಾದ್ರಿಯಾದ ವರ್ಷ, ಕೆಲಸ ಮಾಡಿದ ಇಗರ್ಜಿಗಳ ಹೆಸರು. ಮಣ್ಣಾದ ಮೇಲೆ, ನಾವು ಯಾವತ್ತೂ ನೋಡಿರದ ಒಬ್ಬ ಆಟೊದವರು ಅಮ್ಮನ ಹತ್ತಿರ ಬಂದು ನಿಂತರು. ಅವರ ಮೊದಲ ಆಟೊಕ್ಕೆ ಯಾರೂ ಜಾಮೀನು ನಿಲ್ಲದಿದ್ದಾಗ ಬ್ಯಾಂಕಿಗೆ ಹೋಗಿ ಸಹಿ ಹಾಕಿದ್ದು ಮಾವನಂತೆ. ಸಾಲ ತೀರುವ ತನಕ ಪ್ರತಿ ತಿಂಗಳು "ಕಂತು ಕಟ್ಟಿದೆಯಾ ಮಾರಾಯ?" ಅಂತ ಕೇಳುತ್ತಿದ್ದರಂತೆ. ಅದು ಮಾವನದ್ದೇ ಮಾತು, "ಮಾರಾಯ" ಅನ್ನದೆ ಅವರು ಯಾರನ್ನೂ ಕರೆದವರಲ್ಲ. ಅಮ್ಮ ಆ ಮನುಷ್ಯನನ್ನು ಬಿಡಲೇ ಇಲ್ಲ. ಚಾ ಕೊಟ್ಟು ಕೂರಿಸಿ ಮೊದಲಿನಿಂದ ಇನ್ನೊಮ್ಮೆ ಹೇಳಿಸಿದರು.

ಪಾದ್ರಿಗಳಿಗೆ ಹೆಂಡತಿ ಮಕ್ಕಳಿಲ್ಲ. ನಮ್ಮಪ್ಪ ಹೀಗಿದ್ದರು ಅಂತ ಹೇಳಲು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಅಕ್ಕ ತಂಗಿಯರಿಗೆ, ಅವರ ಮಕ್ಕಳಿಗೆ, ರಜೆಯಲ್ಲಿ ಬಂದು ಹೋಗುವ ಪಾದ್ರಿಯಷ್ಟೇ ಗೊತ್ತು. ಅವರು ನಿಜವಾಗಿ ಬದುಕಿದ್ದು ನಿಮ್ಮಂಥವರ ಮನೆಗಳಲ್ಲಿ. ಹಾಗಾಗಿ ಬರೆಯಿರಿ. ಹೊಗಳಿಕೆ ಬೇಡ, ನಡೆದದ್ದು ಬರೆಯಿರಿ. ಯಾವ ಮಳೆಗಾಲದಲ್ಲಿ ಮೊದಲು ಬಂದರು, ಅಪ್ಪನ ಹತ್ತಿರ ಏನು ಮಾತಾಡಿದರು, ನೀವು ಹಾಸ್ಟೆಲಿಗೆ ಹೊರಟ ದಿನ ಏನು ಹೇಳಿದರು. ಹಳೇ ರಶೀದಿ ಒಂದಾದರೂ ಉಳಿದಿದ್ದರೆ ಅದರ ಜೆರಾಕ್ಸ್ ಇಡಿ. ಅದನ್ನು ಅವರ ಒಡಹುಟ್ಟಿದವರಿಗೆ ಕೈಯಾರೆ ಕೊಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಆದ್ದರಿಂದ ಅವರ ಮನೆಯವರು ಗಡಿಯ ಆಚೆ, ದಕ್ಷಿಣ ಕನ್ನಡದಲ್ಲಿ ಇದ್ದರೂ ಇರಬಹುದು. ಮಂಗಳೂರಿನ ಕೊಡಿಯಾಲ್‌ಬೈಲಿನ ಬಿಷಪರ ಆಫೀಸಿನಲ್ಲಿ ಕೇಳಿದರೆ ದಾರಿ ಸಿಗುತ್ತದೆ.

ತಮ್ಮನಿಗೆ ಬೇಡ ಅನ್ನಬೇಡಿ. ಅವನ ಪ್ರೀತಿಯೂ ದೊಡ್ಡದೇ. ಪೇಪರಿನಲ್ಲಿ ಹಾಕಿಸಲಿ, ಆದರೆ ಫೋಟೊ ಚಿಕ್ಕದಿರಲಿ. ಉಳಿದ ಜಾಗದಲ್ಲಿ ನಿಮ್ಮ ಬರಹದಿಂದ ನಾಲ್ಕು ಸಾಲು ಬರಲಿ. ಅವರಿಂದ ಓದಿದ ಬೇರೆ ಮಕ್ಕಳೂ ಇರಬಹುದು, ಅದನ್ನು ನೋಡಿ ಅವರೂ ಮಾತಾಡಿಯಾರು. ಬರೆಯಲು ಮಾತ್ರ ಅಮ್ಮನಿಂದಲೇ ಶುರು ಮಾಡಿ. ನೀವು ಹುಟ್ಟುವ ಮೊದಲಿನ ಕಷ್ಟವೂ ಅವರಿಗೇ ಗೊತ್ತು, ವಯಸ್ಸೂ ಆಗಿದೆ. ಮುಂದಿನ ರಜೆಗೆ ಅಂತ ಇಡಬೇಡಿ, ಈ ಭಾನುವಾರವೇ ಕೂತು ಕೇಳಿಬಿಡಿ.