ವಾಲ್ಯೂಮ್ ಏರಿಸಿದಾಗ ಟ್ವೀಟರ್ ಸದ್ದು ಒಡೆಯುವುದಕ್ಕೆ

ವಾಲ್ಯೂಮ್ ಏರಿಸಿದರೆ ನಿಮ್ಮ ಸ್ಪೀಕರ್‌ನ ಟ್ವೀಟರ್ (ತೀಕ್ಷ್ಣ ಸ್ವರ ನುಡಿಸುವ ಸಣ್ಣ ಘಟಕ) ಸದ್ದು ಒಡೆಯುತ್ತದೆ ಅಂತ ಕೇಳಿದ್ದೀರಿ. ತೊಂದರೆ ಬಹುಶಃ ನೀವು ಅದಕ್ಕೆ ಸರಣಿಯಲ್ಲಿ ಹಾಕಿರುವ ಆ ಒಂದೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್‌ನದು. 8 ಓಮ್ ಟ್ವೀಟರ್ ಜೊತೆ ಅದರ ಕಟ್‌ಆಫ್ (ಕೆಳಗಿನ ಸ್ವರಗಳನ್ನು ತಡೆಯಲು ಶುರುವಾಗುವ ಫ್ರೀಕ್ವೆನ್ಸಿ) ಸುಮಾರು 2000 ಹರ್ಟ್ಸ್‌ಗೆ ಬೀಳುತ್ತದೆ. ಅದರ ಕೆಳಗೂ ಇಳಿತ ಆಕ್ಟೇವ್‌ಗೆ (ಅಂದರೆ ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ) ಬರೀ 6 ಡೆಸಿಬೆಲ್. ಸಣ್ಣ ಟ್ವೀಟರ್‌ಗೆ ಇದು ಜಾಸ್ತಿ ಹೊರೆ ಅಲ್ವಾ? ಸಾಲದ್ದಕ್ಕೆ ಅದು ಪ್ಲಸ್–ಮೈನಸ್ ಗುರುತಿರುವ ಎಲೆಕ್ಟ್ರೋಲಿಟಿಕ್. ಆಡಿಯೋ ಸಿಗ್ನಲ್ ಎರಡೂ ಕಡೆ ಹರಿಯುವುದರಿಂದ ಅದು ಇಲ್ಲಿ ಬೇಡವೇ ಬೇಡ.

ಮೊದಲು ಟ್ವೀಟರ್‌ನ ರೆಸೊನೆನ್ಸ್ (ಅದು ತಾನಾಗಿ ಹೆಚ್ಚು ಕಂಪಿಸುವ ಫ್ರೀಕ್ವೆನ್ಸಿ) ನೋಡಿ. ಕ್ರಾಸ್‌ಓವರ್ (ಸ್ವರಗಳು ವೂಫರ್ ಮತ್ತು ಟ್ವೀಟರ್ ನಡುವೆ ಹಂಚಿಹೋಗುವ ಫ್ರೀಕ್ವೆನ್ಸಿ) ಅದರ ಎರಡು ಪಟ್ಟಿಗಿಂತ ಮೇಲಿರಲಿ. 3000 ಹರ್ಟ್ಸ್ ಸಾಕೆನಿಸಿದರೆ ಸೆಕೆಂಡ್ ಆರ್ಡರ್ ಲಿಂಕ್‌ವಿಟ್ಜ್-ರೈಲಿ ಎಂಬ, ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಯುವ ಫಿಲ್ಟರ್‌ಗೆ ಹೋಗಿ: ಸರಣಿಯಲ್ಲಿ 3.3 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ನಂತರ ಟ್ವೀಟರ್‌ಗೆ ಸಮಾಂತರವಾಗಿ 0.85 ಮಿಲಿಹೆನ್ರಿ ಕಾಯಿಲ್. ವೂಫರ್‌ಗೂ (ತಗ್ಗು ಸ್ವರ ನುಡಿಸುವ ದೊಡ್ಡ ಘಟಕ) ಇವೇ ಅಳತೆಗಳು, ಆದರೆ ಕಾಯಿಲ್ ಸರಣಿಗೆ, ಕೆಪಾಸಿಟರ್ ಸಮಾಂತರಕ್ಕೆ. ಟ್ವೀಟರ್ ವೈರ್‌ಗಳನ್ನು ತಿರುಗುಮುರುಗು ಮಾಡಿ ಜೋಡಿಸಿ.

ಕೆಪಾಸಿಟರ್ 100 ವೋಲ್ಟ್ ಮೇಲಿನ ಪಾಲಿಪ್ರೊಪಿಲೀನ್ ಆಗಿರಲಿ. ದುಬಾರಿ ‘ಆಡಿಯೋಫೈಲ್’ ಮಾಲಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಆ ದುಡ್ಡನ್ನು ವೂಫರ್ ಕಾಯಿಲ್‌ಗೆ ಹಾಕಿ. ದಪ್ಪ ತಂತಿಯ ಏರ್ ಕೋರ್ ಕಾಯಿಲ್, ರೆಸಿಸ್ಟೆನ್ಸ್ ಅರ್ಧ ಓಮ್ ಒಳಗಿರಲಿ. ಎರಡು ಕಾಯಿಲ್‌ಗಳನ್ನು ದೂರ ಇಟ್ಟು, ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ.

ಇವೆಲ್ಲ 8 ಓಮ್ ಸ್ಥಿರ ಅಂದುಕೊಂಡ ಲೆಕ್ಕ. ನಿಜವಾದ ವೂಫರ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಫ್ರೀಕ್ವೆನ್ಸಿ ಜೊತೆ ಏರುತ್ತದೆ. ಹಾಗಾಗಿ ಬೆಸುಗೆ ಹಾಕುವ ಮುನ್ನ ಕ್ಲಿಪ್ ವೈರ್‌ಗಳಲ್ಲಿ ಜೋಡಿಸಿ, ಕಡಿಮೆ ವಾಲ್ಯೂಮ್‌ನಲ್ಲಿ ಕೇಳಿ ನೋಡಿ. ಟ್ವೀಟರ್ ಇನ್ನೂ ಜೋರೆನಿಸಿದರೆ ಕೆಪಾಸಿಟರ್‌ಗೂ ಮುಂಚೆ 2 ಓಮ್, 10 ವಾಟ್ ರೆಸಿಸ್ಟರ್ ಸೇರಿಸಿ.