ಓದುಗರ ಪ್ರಶ್ನೆ: ಎರಡು ವಾರ, ಏಳು ದೇಶ, ಊಟ ಎಲ್ಲಿ?

ಪ್ರಶ್ನೆ: ನಾನು ಮಣಿಪಾಲದವನು, ಈಗ ಜರ್ಮನಿಯ ಡ್ರೆಸ್ಡನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಡಿಸೆಂಬರ್ 21ರಿಂದ ಜನವರಿ 4ರವರೆಗೆ ರಜೆ. ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಬಾರ್ಸಿಲೋನಾ, ರೋಮ್, ಜ್ಯೂರಿಕ್, ವಿಯೆನ್ನಾ, ಪ್ರಾಗ್ ಎಲ್ಲ ಸುತ್ತಬೇಕು ಅಂತ ಗೆಳೆಯರ ಪ್ಲಾನ್. ನಾನು ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. ದುಡ್ಡು ಜಾಸ್ತಿ ಇಲ್ಲ. ಊಟಕ್ಕೆ ಏನು ಮಾಡಲಿ?

ಉತ್ತರ: ಮಾರಾಯ್ರೆ, ಊಟದ ಮಾತು ಆಮೇಲೆ. ಮೊದಲು ಆ ಪಟ್ಟಿಯನ್ನು ಅರ್ಧ ಹರಿದು ಹಾಕಿ. ಎರಡು ವಾರದಲ್ಲಿ ಏಳು ದೇಶ ಅಂದರೆ ನೀವು ನೋಡುವುದು ರೈಲ್ವೆ ಸ್ಟೇಷನ್, ತಿನ್ನುವುದು ಸ್ಟೇಷನ್ನಿನ ತಣ್ಣಗಿನ ಸ್ಯಾಂಡ್‌ವಿಚ್, ಅದೂ ಊರಿನ ಹೋಟೆಲಿನಲ್ಲಿ ನಾಲ್ಕು ಜನ ಉಂಡು ಬರುವ ದುಡ್ಡಿಗೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಅದು ನಿಮಗೇ ಗೊತ್ತಿದೆ ಅಲ್ವಾ? ಬೆಳಕಿರುವ ಏಳೆಂಟು ಗಂಟೆಯನ್ನೂ ರೈಲಿನಲ್ಲೇ ಕಳೆದರೆ ಉಳಿಯುವುದೇನು?

ನೀವಿರುವ ಊರೇ ನಿಮಗೆ ದೊಡ್ಡ ಅನುಕೂಲ. ಡ್ರೆಸ್ಡನ್‌ನಿಂದ ಪ್ರಾಗ್ ಎರಡೂವರೆ ಗಂಟೆ, ಅಲ್ಲಿಂದ ವಿಯೆನ್ನಾ ನಾಲ್ಕು ಗಂಟೆ, ಅಲ್ಲಿಂದ ಹಂಗೇರಿಯ ಬುಡಾಪೆಸ್ಟ್ ಮೂರು ಗಂಟೆಯೂ ಇಲ್ಲ. ಒಂದೇ ಸಾಲಿನಲ್ಲಿ ಮೂರು ಊರು. ಪ್ರತಿ ಊರಿನಲ್ಲಿ ಮೂರು ನಾಲ್ಕು ದಿನ ಇರಿ. ನಿಮ್ಮ ಊರಿನ ಸ್ಟ್ರೀಟ್ಸೆಲ್‌ಮಾರ್ಕ್ಟ್ 1434ರಿಂದ ನಡೆಯುತ್ತಿರುವ ಕ್ರಿಸ್‌ಮಸ್ ಸಂತೆ, ಅದನ್ನು ನೋಡಿಕೊಂಡೇ ಹೊರಡಿ, ಯಾಕೆಂದರೆ 24ಕ್ಕೆ ಅದು ಮುಚ್ಚುತ್ತದೆ. ಜರ್ಮನಿಯ ಹೆಚ್ಚಿನ ಸಂತೆಗಳ ಕಥೆಯೂ ಅದೇ. ಕ್ರಿಸ್‌ಮಸ್ ಮುಗಿದ ಮೇಲೆ ಸಂತೆ ನೋಡುತ್ತೇವೆ ಅಂತ ಹೋದವರಿಗೆ ಸಿಗುವುದು ಬಿಚ್ಚಿಟ್ಟ ಹಲಗೆಗಳು. ಪ್ರಾಗ್‌ನ ಹಳೇ ಪೇಟೆ ಚೌಕದ ಸಂತೆ ಮಾತ್ರ ಜನವರಿ 6ರವರೆಗೆ ಇರುತ್ತದೆ.

ಈಗ ಊಟ. ನಿಜವಾದ ಕಷ್ಟ ಇರುವುದು 24, 25, 26ರಂದು. ಪ್ರಾಗ್ ಇರುವ ಜೆಕ್ ದೇಶದಲ್ಲಿ 24ರ ಮಧ್ಯಾಹ್ನಕ್ಕೇ ದೊಡ್ಡ ಅಂಗಡಿಗಳು ಕಾನೂನು ಪ್ರಕಾರ ಬಾಗಿಲು ಹಾಕುತ್ತವೆ. 25, 26 ಪೂರ್ತಿ ಬಂದ್, ಜನವರಿ 1 ಕೂಡ. ಹಾಗಾಗಿ ಅಡುಗೆಮನೆ ಇರುವ ಪ್ರವಾಸಿಗರ ಹಾಸ್ಟೆಲ್ ಹಿಡಿಯಿರಿ. ಇದೊಂದು ವಿಷಯದಲ್ಲಿ ಚೌಕಾಸಿ ಬೇಡ, ಹಾಸಿಗೆ ಸ್ವಲ್ಪ ಗಟ್ಟಿ ಇದ್ದರೂ ನಡೆಯುತ್ತದೆ. 23ರ ಸಂಜೆಯೇ ಅಕ್ಕಿ, ಕೆಂಪು ಮಸೂರ್ ಬೇಳೆ, ಮೊಸರು, ಟೊಮೆಟೊ, ಮೊಟ್ಟೆ ತಂದಿಡಿ. ಸಾರಿನ ಪುಡಿ ಹೇಗೂ ಬ್ಯಾಗಿನಲ್ಲಿರುತ್ತದೆ, ಉಡುಪಿ ಕಡೆಯವರ ಬ್ಯಾಗ್ ಅಂದ ಮೇಲೆ! ಹಾಗೆ ಅಂಗಡಿಗೆ ಹೋಗುವಾಗ ಬೀದಿಯನ್ನೂ ನೋಡಿ. ಕ್ರಿಸ್‌ಮಸ್ ಹತ್ತಿರ ಬಂದಾಗ ಜೆಕ್ ಜನ ರಸ್ತೆ ಬದಿಯ ದೊಡ್ಡ ತೊಟ್ಟಿಗಳಿಂದ ಜೀವಂತ ಕಾರ್ಪ್ ಮೀನು ಕೊಳ್ಳುತ್ತಾರೆ, 24ರ ರಾತ್ರಿ ಊಟಕ್ಕೆ ಅದು ಬೇಕೇ ಬೇಕು. ನೀವು ತಿನ್ನದಿದ್ದರೂ ಮಲ್ಪೆ ಕಡೆಯವರಿಗೆ ನೋಡಲು ಖುಷಿ.

ಹೊರಗೆ ತಿನ್ನುವಾಗ ಪ್ರಾಗ್‌ನಲ್ಲಿ 'ಸ್ಮಾಜೆನಿ ಸೀರ್' ಕೇಳಿ, ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಮಾಮೂಲಿ ಪಬ್‌ಗಳಲ್ಲೂ ಸಿಗುತ್ತದೆ. ವಿಯೆನ್ನಾದಲ್ಲಿ ನನ್ನ ಮತ ಗೆರ್ಮ್‌ಕ್ನೋಡೆಲ್‌ಗೆ. ಹಿಟ್ಟು ಹುದುಗಿಸಿ, ಒಳಗೆ ಪ್ಲಮ್ ಜಾಮ್ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ಗಸಗಸೆ ಮತ್ತು ಸಕ್ಕರೆ ಉದುರಿಸಿ ಬೆಣ್ಣೆ ಸುರಿಯುತ್ತಾರೆ. ಹೂರಣ ತುಂಬಿದ ದೊಡ್ಡ ಕಡುಬು ಅಂದುಕೊಳ್ಳಿ. ಒಂದು ತಿಂದರೆ ರಾತ್ರಿಯವರೆಗೆ ಹಸಿವಿಲ್ಲ. ಬುಡಾಪೆಸ್ಟ್‌ನಲ್ಲಿ ಲಾಂಗೋಶ್: ಎಣ್ಣೆಯಲ್ಲಿ ಕರಿದ ಅಗಲದ ಹಿಟ್ಟಿನ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಬಿಸಿಯಿದ್ದಾಗಲೇ ಮುಗಿಸಿ, ಆರಿದರೆ ರಬ್ಬರು. ಹೊಸ ವರ್ಷಕ್ಕೆ ಹಂಗೇರಿಯವರು ದುಡ್ಡು ಬರಲಿ ಅಂತ ಮಸೂರದ ಅಡುಗೆ ಮಾಡುತ್ತಾರೆ. ಬೇಳೆ ಅಂತ ಕುಣಿಯಬೇಡಿ, ಅದರಲ್ಲಿ ಹೊಗೆಯಾಡಿಸಿದ ಮಾಂಸ ಇರುವುದು ಮಾಮೂಲು.

ಅಲ್ಲಿ 'ತರಕಾರಿ ಸೂಪ್' ಅಂದರೂ ನೀರು ಮಾಂಸ ಬೇಯಿಸಿದ್ದಾಗಿರಬಹುದು. ಪ್ಯಾರಿಸ್ಸಿನ ಈರುಳ್ಳಿ ಸೂಪನ್ನೂ ದನದ ಮಾಂಸದ ಸಾರಿನಲ್ಲೇ ಮಾಡುವುದು ರೂಢಿ. ಕರಿಯುವುದಕ್ಕೆ ಹಂದಿ ಕೊಬ್ಬು ಬಳಸುವವರೂ ಇದ್ದಾರೆ. ಸಂಕೋಚ ಬಿಟ್ಟು ಕೇಳಿ. ಸಂತೆಯಲ್ಲಿ ಎಲ್ಲರ ಕೈಯಲ್ಲಿರುವ ಬಿಸಿ ವೈನ್ ಬೇಡವಾದರೆ 'ಕಿಂಡರ್‌ಪುನ್ಶ್' ಅಂತ ಮಕ್ಕಳ ಪಾನೀಯ ಇದೆ, ಮದ್ಯ ಇರುವುದಿಲ್ಲ. ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ವಾಪಸ್ ಕೊಟ್ಟು ದುಡ್ಡು ತಗೊಳ್ಳಿ.

ಜೆಕ್‌ನಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಕಾರ್ಡ್ ಹಾಕಿದಾಗ ಯಂತ್ರ 'ಯೂರೋ ಬೇಕೇ?' ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣವನ್ನೇ ಆರಿಸಿ. ಇಲ್ಲದಿದ್ದರೆ ದರದಲ್ಲಿ ಸುಮ್ನೆ ಕೈ ಕಚ್ಚುತ್ತದೆ. ಪಾಸ್‌ಪೋರ್ಟ್ ಮತ್ತು ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಎರಡೂ ಜೊತೆಗಿರಲಿ. ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಒಳಗೆ ಬೇರೆ ವೀಸಾ ಬೇಡ ನಿಜ, ಆದರೆ ಜರ್ಮನಿ ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ಕೇಳುವುದುಂಟು. ಪರ್ಮಿಟ್ ನವೀಕರಣಕ್ಕೆ ಕೊಟ್ಟು ತಾತ್ಕಾಲಿಕ ಕಾಗದ ಮಾತ್ರ ಕೈಯಲ್ಲಿದ್ದರೆ, ಟಿಕೆಟ್ ಮಾಡುವ ಮೊದಲು ಕಚೇರಿಯಲ್ಲಿ ವಿಚಾರಿಸಿ.

ಪ್ಯಾರಿಸ್ ಎಲ್ಲೂ ಓಡಿಹೋಗುವುದಿಲ್ಲ. ಬೇಸಿಗೆಗೆ ಇಟ್ಟುಕೊಳ್ಳಿ, ಆಗ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಆದರೆ ಪ್ರಾಯ 26 ತುಂಬುವ ಮೊದಲು ಹೋಗಿ: ಯುರೋಪಿನ ರೆಸಿಡೆನ್ಸ್ ಪರ್ಮಿಟ್ ಇರುವ 18ರಿಂದ 25ರ ಪ್ರಾಯದವರಿಗೆ ಲೂವ್ರ್ ಮ್ಯೂಸಿಯಂ ಉಚಿತ.

ಪ್ರಶ್ನೆ: ಮಗಳು ಮೊದಲ ಸಲ ಜರ್ಮನಿಗೆ ಹೊರಟಿದ್ದಾಳೆ, ಚಳಿಗಾಲದ ರಜೆಯಲ್ಲಿ ಸುತ್ತಾಡುವ ಆಸೆಯೂ ಇದೆ. ತುಪ್ಪ, ಪೇಡ, ಕರಿಬೇವು, ಒಣ ಸೀಗಡಿ ಚಟ್ನಿ ಕೊಡಬಹುದೇ? (ಒಬ್ಬ ತಾಯಿ, ಕುಂಜಿಬೆಟ್ಟು)

ಉತ್ತರ: ತುಪ್ಪ, ಪೇಡ ಬೇಡ ಅಮ್ಮಾ. ಹೊರಗಿನ ದೇಶದಿಂದ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಒಂದು ಹಿಡಿ ಸೊಪ್ಪಿಗೆ ಯಾರು ಅಲೆಯುತ್ತಾರೆ? ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಹಪ್ಪಳ ಧಾರಾಳವಾಗಿ ಹಾಕಿ. ತಮಾಷೆ ಏನೆಂದರೆ ಮೀನಿಗೆ ನಿಯಮ ಸಡಿಲ, 20 ಕೆ.ಜಿ.ವರೆಗೆ ಒಯ್ಯಬಹುದು. ಹಾಗಂತ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಣ ಸೀಗಡಿ ಹುರಿದರೆ ಅಕ್ಕಪಕ್ಕದವರ ಮುಖ ಹೇಗಾಗುತ್ತದೆ ಅನ್ನುವುದು ಬೇರೆ ಮಾತು. ಚಟ್ನಿ ಮನೆಯಲ್ಲೇ ಮಾಡಿ, ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕೊಡಿ.

ಪ್ರಶ್ನೆ: ಕ್ರಿಸ್‌ಮಸ್ ರಜೆಯಲ್ಲಿ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗುತ್ತಿದ್ದೇನೆ. ಅಲ್ಲಿ ನಮ್ಮ ಬೂತಾಯಿ ಮೀನು ಸುಟ್ಟು ಕೊಡುತ್ತಾರಂತೆ, ಹೌದೇ? (ವಿದ್ಯಾರ್ಥಿ, ಮೂಲ ಊರು ಉಳ್ಳಾಲ)

ಉತ್ತರ: ಕೊಡುತ್ತಾರೆ, ಆದರೆ ಡಿಸೆಂಬರ್‌ನಲ್ಲಿ ಅಲ್ಲ. ಅಲ್ಲಿ ಬೂತಾಯಿಯ ಜಾತಿಯ ಸಾರ್ಡೀನ್‌ಗೆ ಕೊಬ್ಬು ತುಂಬಿ ರುಚಿ ಬರುವುದು ಬೇಸಿಗೆಯಲ್ಲಿ. ಜೂನ್ 12ರ ರಾತ್ರಿ ಸಂತ ಅಂತೋನಿಯವರ ಹಬ್ಬಕ್ಕೆ ಬೀದಿ ಬೀದಿಯಲ್ಲೇ ಕೆಂಡ ಹಾಕಿ ಸುಡುತ್ತಾರೆ. ಚಳಿಗಾಲದಲ್ಲಿ ಡಬ್ಬಿಯದ್ದು ಸಿಗುತ್ತದೆ, ಕೆಟ್ಟದೇನಲ್ಲ. ಈಗ ನೀವು ತಿನ್ನಬೇಕಾದದ್ದು ಬಕಲ್ಯಾವ್, ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. 24ರ ರಾತ್ರಿ ಅಲ್ಲಿನ ಮನೆಗಳಲ್ಲಿ ಅದನ್ನೇ ಆಲೂಗಡ್ಡೆ, ಎಲೆಕೋಸಿನ ಜೊತೆ ಬೇಯಿಸಿ ಆಲಿವ್ ಎಣ್ಣೆ ಸುರಿದು ಉಣ್ಣುತ್ತಾರೆ. ಖಾರ ಅನ್ನುವುದು ಇರುವುದಿಲ್ಲ, ಪಿರಿಪಿರಿ ಸಾಸ್ ಕೇಳಿ ತಗೊಳ್ಳಿ. ಆ ರಾತ್ರಿ ಹೆಚ್ಚಿನ ಹೋಟೆಲುಗಳು ಬೇಗ ಮುಚ್ಚುತ್ತವೆ, 24ರ ಮಧ್ಯಾಹ್ನವೇ ಊಟ ಮುಗಿಸಿಕೊಳ್ಳಿ. ಕೊಡೆ ಮರೆಯಬೇಡಿ, ಅಲ್ಲಿ ಮಳೆಗಾಲ ಅಂದರೆ ಇದೇ.