ಕಾಡುಗುಡ್ಡ, ನದಿಕಣಿವೆಗಳ ನಡುವೆ ರೋಡ್ ಬೈಕ್ ಮಾರ್ಗವನ್ನು ಆರಿಸುವುದು ಹೇಗೆ?

ಬಯಲಿನ ರಸ್ತೆಗಳಲ್ಲಿ ಒಂದು ವರ್ಷ ರೋಡ್ ಬೈಕ್ (ಡಾಂಬರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಹಗುರ ಸೈಕಲ್) ಓಡಿಸಿದ್ದೀರಿ, ಈಗ ಕಾಡುಗುಡ್ಡಗಳ ನಡುವೆ ಒಂದೇ ದಿನದಲ್ಲಿ ಮುಗಿಯುವ 80 ಕಿ.ಮೀ. ಸುತ್ತೊಂದನ್ನು ಹಾಕಬೇಕೆಂದಿದ್ದೀರಿ. ಆ್ಯಪ್ ತೋರಿಸುವ ಮೂರು ಮಾರ್ಗಗಳ ದೂರವೂ ಒಟ್ಟು ಏರಿಕೆಯೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ಯಾವುದನ್ನು ಆರಿಸಬೇಕು ಎಂಬುದು ನಿಮ್ಮ ಪ್ರಶ್ನೆ. ಆ ಎರಡು ಅಂಕಿಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ರಸ್ತೆ ಎಲ್ಲಿಯವರೆಗೆ ನದಿಯ ಜೊತೆಗೆ ಸಾಗುತ್ತದೆ, ಎಲ್ಲಿ ಅದನ್ನು ಬಿಟ್ಟು ಮೇಲೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ಮೊದಲು ನೋಡಿ ಎಂಬುದೇ ನನ್ನ ಸಲಹೆ. ಗುಡ್ಡಗಾಡಿನ ಸವಾರಿ ಸುಲಭವೋ ಕಷ್ಟವೋ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅದೇ.

ನದಿಯ ಪಾತ್ರವು ಉಗಮದ ಹತ್ತಿರ ಕಡಿದಾಗಿದ್ದು, ಕೆಳಗೆ ಹರಿದಂತೆಲ್ಲ ಸಪಾಟಾಗುತ್ತ ಹೋಗುವುದು ಸಾಮಾನ್ಯ. ಹಾಗಾಗಿ ಕಣಿವೆಯ ಬಾಯಿಯಿಂದ ನದಿಯ ಜಾಡು ಹಿಡಿದು ಹೊರಟ ರಸ್ತೆಯು ಬಹುದೂರದವರೆಗೆ ಏರುತ್ತಿದೆ ಎಂದೇ ಅನ್ನಿಸುವುದಿಲ್ಲ. ನದಿಯು ಹಳ್ಳವಾಗಿ ಕಿರಿದಾದ ಮೇಲೆ, ಬೆಟ್ಟದ ಏಣು ಇನ್ನೇನು ಸಿಕ್ಕಿತು ಎನ್ನುವಾಗ, ಒಮ್ಮೆಲೇ ಕಡಿದಾಗುತ್ತದೆ. ಸರಾಸರಿ ಅಂಕಿ ಮೋಸ ಮಾಡುವುದು ಇಲ್ಲಿಯೇ. 5 ಕಿ.ಮೀ. ಉದ್ದ, ಸರಾಸರಿ ಶೇ 5 (ಅಂದರೆ 100 ಮೀಟರ್ ದೂರಕ್ಕೆ 5 ಮೀಟರ್ ಏರಿಕೆ) ಎಂದು ಬರೆದಿರುವ ಏರು 250 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಆದರೆ ಮೊದಲ 3 ಕಿ.ಮೀ. ಶೇ 1ರಂತೆ, ಕೊನೆಯ 2 ಕಿ.ಮೀ. ಶೇ 11ರಂತೆ ಇದ್ದರೂ ಲೆಕ್ಕ ಅದೇ 250 ಮೀಟರ್. ಉದ್ದಕ್ಕೂ ಒಂದೇ ಸಮನಾಗಿ ಶೇ 5 ಇರುವ ಏರನ್ನು ನೀವು ಮಾತನಾಡುತ್ತಲೇ ಏರಬಹುದು, ಈ ಎರಡನೆಯ ಬಗೆಯದು ಬಯಲಿನ ಸವಾರನನ್ನು ಸೈಕಲ್ಲಿನಿಂದ ಕೆಳಗಿಳಿಸಿಬಿಡಬಹುದು. ಆದ್ದರಿಂದ ಸರಾಸರಿಯನ್ನು ಬಿಟ್ಟು, ಅತ್ಯಂತ ಕಡಿದಾದ ಒಂದು ಕಿಲೋಮೀಟರ್ ಎಲ್ಲಿದೆ, ಎಷ್ಟಿದೆ ಎಂಬುದನ್ನು ಹುಡುಕಿ.

ನದಿಯ ಪಕ್ಕದ ರಸ್ತೆ ಎಂದ ಮಾತ್ರಕ್ಕೆ ಅದು ಸಪಾಟು ಎಂದೂ ತಿಳಿಯಬೇಡಿ. ಕಣಿವೆ ಅಗಲವಾಗಿದ್ದರೆ ರಸ್ತೆ ನೀರಿನ ಮಟ್ಟದಲ್ಲಿಯೇ ನೆಮ್ಮದಿಯಾಗಿ ಸಾಗುತ್ತದೆ. ಕಣಿವೆ ಇಕ್ಕಟ್ಟಾದರೆ ದಡದಲ್ಲಿ ಅದಕ್ಕೆ ಜಾಗವಿರುವುದಿಲ್ಲ; ಗುಡ್ಡದ ಪಕ್ಕೆಯನ್ನು ಹತ್ತಿ, ಪ್ರತಿಯೊಂದು ಉಪಹಳ್ಳವನ್ನು ದಾಟಲು ಒಳಕ್ಕೆ ಇಳಿದು, ಮತ್ತೆ ಹೊರಕ್ಕೆ ಏರುತ್ತದೆ. ಇಪ್ಪತ್ತು ಮೀಟರ್ ಏರು, ಇಪ್ಪತ್ತು ಮೀಟರ್ ಇಳಿತ ಎಂದರೆ ಕೇಳಲು ಅಲ್ಪ, ಆದರೆ ಹತ್ತು ಹಳ್ಳಗಳು ಸೇರಿದರೆ ಅದೇ ಒಂದು ಸಣ್ಣ ಬೆಟ್ಟ. ಇದನ್ನು ಮನೆಯಲ್ಲಿ ಕುಳಿತೇ ಪತ್ತೆಹಚ್ಚಬಹುದು: ನಕ್ಷೆಯನ್ನು ದೊಡ್ಡದಾಗಿಸಿ, ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನದಿಯ ದಡಕ್ಕೇ ಒತ್ತಿಕೊಂಡಿವೆಯೇ ಎಂದು ನೋಡಿ, ರಸ್ತೆಯನ್ನು ಅಡ್ಡ ದಾಟುವ ನೀಲಿ ಗೆರೆಗಳನ್ನು ಎಣಿಸಿ. ಇನ್ನು ನದಿಯೇ ಬಳುಕಿ ಬಳುಕಿ ಹರಿಯುವ ಕಡೆ ಲೆಕ್ಕ ಬೇರೆ. ಜರ್ಮನಿಯಲ್ಲಿ ಟ್ರಿಯರ್‌ನಿಂದ ಕೋಬ್ಲೆಂಜ್‌ವರೆಗೆ ಮೊಸೆಲ್ ನದಿ ಹರಿಯುವ ದೂರವು ನೇರ ಅಂತರದ ಸುಮಾರು ಎರಡರಷ್ಟಿದೆ. ಅಂಥಲ್ಲಿ ನೀರಿನ ಪಕ್ಕದ ರಸ್ತೆ ಉದ್ದವಾದರೂ ಹಗುರ, ತಿರುವಿನ ಕುತ್ತಿಗೆಯನ್ನು ಕತ್ತರಿಸಿ ದಾಟುವ ರಸ್ತೆ ಗಿಡ್ಡವಾದರೂ ಕಡಿದು. ಹೊಸಬರಿಗೆ ನಾನು ಉದ್ದದ ರಸ್ತೆಯನ್ನೇ ಹೇಳುತ್ತೇನೆ.

ಆ್ಯಪ್ ತೋರಿಸುವ ಏರಿಕೆಯ ಅಂಕಿಯನ್ನು ಕಾಡಿನೊಳಗೆ ಪೂರ್ತಿ ನಂಬಬಾರದು ಎಂಬುದಕ್ಕೂ ಕಾರಣವಿದೆ. ಎತ್ತರದ ಮಾಹಿತಿಗೆ ವ್ಯಾಪಕವಾಗಿ ಬಳಕೆಯಾಗುವ ಒಂದು ಮೂಲವೆಂದರೆ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ನಡೆಸಿದ ರೇಡಾರ್ ಸಮೀಕ್ಷೆ. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲವನ್ನು ಮುಟ್ಟದೆ ಮರಗಳ ಹಂದರದ ಎತ್ತರವನ್ನೂ ಸೇರಿಸಿಕೊಂಡಿತು. ಜೊತೆಗೆ ಅದು ಒಂದೊಂದಕ್ಕೂ ಒಂದೇ ಎತ್ತರ ಕೊಡುವ ನೆಲದ ಚೌಕಗಳು ಸುಮಾರು 30 ಮೀಟರ್ ಅಗಲದವು. ಕಡಿದಾದ ಪಕ್ಕೆಯಲ್ಲಿ ರಸ್ತೆಯ ಗೆರೆ ಒಂದು ಚೌಕ ಆಚೀಚೆ ಸರಿದರೂ ಎತ್ತರ ಹತ್ತಾರು ಮೀಟರ್ ಬದಲಾಗಿಬಿಡುತ್ತದೆ. ಸುರಂಗವಿರುವಲ್ಲಿ ಗುಡ್ಡವನ್ನೂ, ಎತ್ತರದ ಸೇತುವೆಯಿರುವಲ್ಲಿ ಕಂದರವನ್ನೂ ನೀವು ಹತ್ತಿ ಇಳಿಯುತ್ತೀರಿ ಎಂದು ಆ್ಯಪ್ ಭಾವಿಸುವುದುಂಟು. ಶೇ 25ರ ಏರೊಂದು ನೂರು ಮೀಟರಿನಷ್ಟು ಮಾತ್ರ ಕಾಣಿಸಿಕೊಂಡು ಮಾಯವಾದರೆ, ಅದು ಬಹುಮಟ್ಟಿಗೆ ಇಂಥದೇ ಸುಳ್ಳು ಏರು.

ಈಗ ಶಕ್ತಿಯ ಲೆಕ್ಕ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಎಂದುಕೊಂಡರೆ, 150 ವಾಟ್ ಶಕ್ತಿಯನ್ನು ಸತತವಾಗಿ ಹಾಕಬಲ್ಲವರು ಗಂಟೆಗೆ 550ರಿಂದ 600 ಮೀಟರ್ ಎತ್ತರ ಏರುತ್ತಾರೆ. ಒಟ್ಟು 1,200 ಮೀಟರ್ ಏರಿಕೆಯಿರುವ ಸುತ್ತಿನಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಏರುವುದರಲ್ಲೇ ಕಳೆಯುತ್ತದೆ. ಮುಂದೆ 34, ಹಿಂದೆ 34 ಹಲ್ಲುಗಳ ಗೇರ್‌ನಲ್ಲಿ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ವೇಗ ಗಂಟೆಗೆ ಸುಮಾರು 7.5 ಕಿ.ಮೀ. ಆ ವೇಗದಲ್ಲಿ ಶೇ 8ರ ಏರಿಗೆ ಬೇಕಾಗುವುದು ಹೆಚ್ಚುಕಡಿಮೆ ಅದೇ 150 ವಾಟ್. ಶೇ 12ಕ್ಕೆ 200 ವಾಟ್‌ಗೂ ಮೀರುತ್ತದೆ. ನಿಮ್ಮ ಹಿಂಚಕ್ರದ ಕ್ಯಾಸೆಟ್ಟಿನ (ಹಲ್ಲುಚಕ್ರಗಳ ಗೊಂಚಲಿನ) ದೊಡ್ಡ ಹಲ್ಲುಚಕ್ರ 28 ಹಲ್ಲುಗಳಲ್ಲೇ ನಿಂತಿದ್ದರೆ, ಮಾರ್ಗ ಬದಲಿಸುವ ಮೊದಲು ಕ್ಯಾಸೆಟ್ ಬದಲಿಸುವ ಬಗ್ಗೆ ಯೋಚಿಸಿ.

ಸುತ್ತನ್ನು ಯಾವ ದಿಕ್ಕಿನಲ್ಲಿ ಹಾಕಬೇಕು ಎಂಬುದನ್ನು ನೀವು ಕೇಳಿಲ್ಲವಾದರೂ ನನ್ನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ. ಬೆಟ್ಟದ ಒಂದು ಮಗ್ಗುಲು ಗಿಡ್ಡ ಮತ್ತು ಕಡಿದು, ಇನ್ನೊಂದು ಉದ್ದ ಮತ್ತು ನಿಧಾನ ಎಂದಿದ್ದರೆ, ಕಡಿದಾದ ಭಾಗ ಎರಡು ಕಿಲೋಮೀಟರ್ ಮೀರದಿದ್ದಲ್ಲಿ ಅದನ್ನೇ ಬೆಳಿಗ್ಗೆ ಏರಿ, ಉದ್ದದ ಕಣಿವೆಯಲ್ಲಿ ಇಳಿಯುವುದನ್ನು ನಾನು ಮೆಚ್ಚುತ್ತೇನೆ. ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ ಒದ್ದೆ ಎಲೆಯ ಮೇಲೆ ಚಕ್ರ ಜಾರಿದರೆ ಕಾಲು ಊರಿದರಾಯಿತು. ಅದೇ ಜಾಗದಲ್ಲಿ ಐವತ್ತರ ವೇಗದಲ್ಲಿ ಇಳಿಯುವಾಗ ಆ ಅವಕಾಶವಿರುವುದಿಲ್ಲ. ಇದಕ್ಕೊಂದು ತೊಡಕೂ ಇದೆ. ಬಿಸಿಲಿರುವ ದಿನ ಬೆಟ್ಟದ ಪಕ್ಕೆಗಳು ಕಾದು ಗಾಳಿ ಮೇಲೇಳುವುದರಿಂದ, ಮಧ್ಯಾಹ್ನದ ಹೊತ್ತಿಗೆ ಕಣಿವೆಯ ಬಾಯಿಯಿಂದ ತಲೆಯ ಕಡೆಗೆ ಗಾಳಿ ಬೀಸತೊಡಗುತ್ತದೆ, ರಾತ್ರಿ ಅದು ತಿರುಗುಮುರುಗಾಗುತ್ತದೆ. ಅಂದರೆ ಮಧ್ಯಾಹ್ನ ಕಣಿವೆ ಇಳಿಯುವವರಿಗೆ ಎದುರುಗಾಳಿ ಖಚಿತ. ಶೇ 1ರ ಇಳಿಜಾರು ಕೊಡುವ ಸಹಾಯವನ್ನು ಗಂಟೆಗೆ 15 ಕಿ.ಮೀ. ವೇಗದ ಎದುರುಗಾಳಿ ನುಂಗಿ, ಮೇಲೆ ಇನ್ನಷ್ಟು ಕೇಳುತ್ತದೆ. ಬೆಳಕು ಹರಿಯುತ್ತಲೇ ಹೊರಟು, ಗಾಳಿ ಬಲಿಯುವ ಮೊದಲೇ ಕಣಿವೆಯ ಬಹುಭಾಗವನ್ನು ಇಳಿದು ಮುಗಿಸುವುದು ಇದಕ್ಕೆ ಪರಿಹಾರ. ಮೋಡ ಕವಿದ ದಿನ ಈ ಚಿಂತೆ ಅಷ್ಟಾಗಿ ಬೇಕಿಲ್ಲ.

ಕಾಡಿನ ಇಳಿಜಾರಿನಲ್ಲಿ ಕಣ್ಣಿಗಿಂತ ಬುದ್ಧಿಯನ್ನು ಹೆಚ್ಚು ಬಳಸಬೇಕಾಗುತ್ತದೆ. ಎಲೆಗಳ ನಡುವಿನಿಂದ ಬೀಳುವ ಬಿಸಿಲಿನ ಚುಕ್ಕೆಗಳಲ್ಲಿ ಗುಂಡಿ ಯಾವುದು, ನೆರಳು ಯಾವುದು ತಿಳಿಯುವುದಿಲ್ಲ. ಕಡುಬಣ್ಣದ ಕನ್ನಡಕ ಇದನ್ನು ಇನ್ನೂ ಕೆಡಿಸುತ್ತದೆ. ಮಳೆ ನಿಂತು ಬಯಲಿನ ರಸ್ತೆ ಒಣಗಿದ ಮೇಲೂ ಮರಗಳಿಂದ ಹನಿ ಬೀಳುತ್ತಲೇ ಇರುತ್ತದೆ, ಬಿಸಿಲು ಮುಟ್ಟದ ಮಗ್ಗುಲಿನ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ. ಬ್ರೇಕ್ ಹಿಡಿಯುವುದೆಲ್ಲವೂ ತಿರುವಿಗೆ ಮುಂಚೆ, ಸೈಕಲ್ ನೇರವಾಗಿರುವಾಗಲೇ ಮುಗಿಯಬೇಕು. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಸದಾ ಅರೆಬರೆ ಒತ್ತಿಕೊಂಡಿರದೆ, ಬಿಟ್ಟು ಬಿಟ್ಟು ಗಟ್ಟಿಯಾಗಿ ಹಿಡಿಯಿರಿ. 300 ಮೀಟರ್ ಇಳಿಯುವಾಗ 85 ಕೆ.ಜಿ. ತೂಕ ಸುಮಾರು 250 ಕಿಲೋಜೌಲ್ ಶಕ್ತಿಯನ್ನು ಬಿಡುಗಡೆ ಮಾಡುತ್ತದೆ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲಿಗೆ ಹೋಗುವುದು ಕಡಿಮೆಯಾಗಿ ಬ್ರೇಕಿನ ಪಾಲಿಗೆ ಬರುವುದು ಹೆಚ್ಚುತ್ತದೆ, ರಿಮ್ ಬ್ರೇಕ್ (ಚಕ್ರದ ಅಂಚಿನ ಬಳೆಯನ್ನೇ ಒತ್ತಿ ಹಿಡಿಯುವ ಬ್ರೇಕ್) ಮತ್ತು ಕಾರ್ಬನ್ ರಿಮ್ ಇರುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಫ್ರೇಮಿನಲ್ಲಿ ಜಾಗವಿದ್ದರೆ 28 ಅಥವಾ 30 ಮಿ.ಮೀ. ಟೈರ್ ಹಾಕಿಸಿ, ಗಾಳಿಯನ್ನು ಬಯಲಿನಲ್ಲಿ ತುಂಬುವುದಕ್ಕಿಂತ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಪ್ರತಿ 100 ಮೀಟರಿಗೆ ಸರಾಸರಿ 0.65 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಇಳಿಯುವುದರಿಂದ, ತೆಳುವಾದ ಗಾಳಿತಡೆ ಜಾಕೆಟ್ಟೊಂದು ಜೇಬಿನಲ್ಲಿರಲಿ. ಅದನ್ನು ನೆತ್ತಿಯಲ್ಲಿ, ಬೆವರು ತಣ್ಣಗಾಗುವ ಮೊದಲೇ ತೊಟ್ಟು ಇಳಿಯಲು ಶುರುಮಾಡಿ.